ಹೊಟ್ಟೆ ಗಟ್ಟಿಯಾದಾಗ ಗಡಿಯಾರ ನೋಡಿ

ಓದುಗರ ಪ್ರಶ್ನೆ, ತಜ್ಞರ ಉತ್ತರ

ಈ ಸಲದ ಆರು ಪತ್ರಗಳೂ ಒಂದೇ ವಿಷಯದ ಸುತ್ತ ಇವೆ: ದಿನ ತುಂಬುವ ಮೊದಲೇ ಆಗಾಗ ಹೊಟ್ಟೆ ಬಿಗಿದು ಕಲ್ಲಿನಂತಾಗುವುದು, ತುಸು ಹೊತ್ತಿಗೆ ತಾನೇ ಸಡಿಲವಾಗುವುದು. ಮನೆಯಲ್ಲಿ ಇದಕ್ಕೆ ‘ಸುಳ್ಳು ನೋವು’ ಅನ್ನುತ್ತಾರೆ. ಆಸ್ಪತ್ರೆಯ ಚೀಟಿಯಲ್ಲಿ ‘ಬ್ರಾಕ್ಸ್‌ಟನ್ ಹಿಕ್ಸ್’ ಎಂದಿರುತ್ತದೆ. 1872ರಲ್ಲಿ ಇದನ್ನು ವಿವರಿಸಿದ ಇಂಗ್ಲೆಂಡಿನ ವೈದ್ಯರ ಹೆಸರು ಅದು. ‘ಸುಳ್ಳು’ ಅನ್ನುವ ಮಾತು ನಮಗೆ ಅಷ್ಟು ಹಿಡಿಸುವುದಿಲ್ಲ. ಬಿಗಿತ ನಿಜವೇ. ಗರ್ಭಕೋಶ ಸ್ನಾಯುವಿನ ಚೀಲ, ಅದು ಬಿಗಿದು ಸಡಿಲವಾಗುತ್ತಲೇ ಇರುತ್ತದೆ. ಈ ಬಿಗಿತಕ್ಕೆ ಗರ್ಭಕೋಶದ ಬಾಯಿ ತೆರೆದುಕೊಳ್ಳುವುದಿಲ್ಲ, ವ್ಯತ್ಯಾಸ ಇಷ್ಟೆ.

ನನಗೀಗ 31 ವಾರ, ಮೊದಲ ಬಸಿರು. ಕಂಪ್ಯೂಟರ್ ಮುಂದೆ ಕೂತು ಮಾಡುವ ಕೆಲಸ, ಆಫೀಸಿಗೆ ಹೋಗಿಬರಲು ಮೂರು ಗಂಟೆ. ಸಂಜೆ ಆರು ದಾಟಿದರೆ ಹೊಟ್ಟೆ ಗಟ್ಟಿಯಾಗಲು ಶುರುವಾಗುತ್ತದೆ, ಮಲಗುವಷ್ಟರಲ್ಲಿ ಎಂಟು-ಹತ್ತು ಸಲ. ನೋವು ಅಂತಿಲ್ಲ, ಆದರೆ ಉಸಿರು ಹಿಡಿದಂತಾಗುತ್ತದೆ. ಸ್ಕ್ಯಾನ್ ಎಲ್ಲ ಸರಿಯಿದೆ. ಇದನ್ನು ನಿಲ್ಲಿಸಲು ಏನು ಮಾಡಲಿ?
– ಓದುಗರು, ಬೆಂಗಳೂರು

ಪೂರ್ತಿ ನಿಲ್ಲಿಸಲು ಆಗುವುದಿಲ್ಲ, ಕಡಿಮೆ ಮಾಡಬಹುದು. ನಿಮ್ಮ ಪತ್ರದಲ್ಲಿ ಒಂದು ವಿಷಯ ಇಲ್ಲ: ದಿನಕ್ಕೆ ಎಷ್ಟು ನೀರು ಕುಡಿಯುತ್ತೀರಿ? ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಂಡರೆ ಶೌಚಾಲಯ ಸಿಗುವುದಿಲ್ಲವೆಂದು ಮಧ್ಯಾಹ್ನದಿಂದಲೇ ನೀರು ಬಿಡುವವರು ಬಹಳ ಮಂದಿ. ಕುಡಿದವರು ಮೂತ್ರ ತಡೆದುಕೊಂಡು ಕೂರುತ್ತಾರೆ. ಎರಡೂ ಹೊಟ್ಟೆಯನ್ನು ಬಿಗಿಸುತ್ತವೆ. ಮೂತ್ರಕೋಶ ಗರ್ಭಕೋಶಕ್ಕೆ ಒತ್ತಿಕೊಂಡೇ ಇರುವುದರಿಂದ ಅದು ತುಂಬಿ ಉಬ್ಬಿದರೆ ಗರ್ಭಕೋಶ ಕೆರಳುತ್ತದೆ. ಇನ್ನು ಮೈಯಲ್ಲಿ ನೀರು ಕಡಿಮೆಯಾದಾಗ, ಇರುವ ನೀರನ್ನು ಹಿಡಿದಿಡಲು ಮೆದುಳಿನಿಂದ ಒಂದು ಹಾರ್ಮೋನು ಹೊರಡುತ್ತದೆ; ಅದರ ರಚನೆ ಹೆರಿಗೆ ನೋವು ತರುವ ಆಕ್ಸಿಟೋಸಿನ್‌ಗೆ ತೀರ ಹತ್ತಿರ. ನೀರು ಕಡಿಮೆಯಾದಾಗ ಹೊಟ್ಟೆ ಬಿಗಿಯುವುದಕ್ಕೆ ಕೊಡುವ ವಿವರಣೆಗಳಲ್ಲಿ ಇದೂ ಒಂದು.

ದಿನಕ್ಕೆ ಎರಡೂವರೆಯಿಂದ ಮೂರು ಲೀಟರ್ ದ್ರವ ಬೇಕು. ನೀರು, ಮಜ್ಜಿಗೆ, ಎಳನೀರು, ಗಂಜಿ, ತಿಳಿಸಾರು ಎಲ್ಲ ಲೆಕ್ಕಕ್ಕೆ ಬರುತ್ತವೆ. (ಹೃದಯ ಅಥವಾ ಮೂತ್ರಪಿಂಡದ ತೊಂದರೆಗೆ ನೀರಿನ ಮಿತಿ ಹೇಳಿದ್ದರೆ ಆ ಮಿತಿಯೇ ನಿಮ್ಮದು.) ಒಂದೇ ಸಲ ಕುಡಿದು ತುಂಬಿಸಬೇಡಿ, ಗಂಟೆಗೊಂದು ಲೋಟದಂತೆ ಹಂಚಿಕೊಳ್ಳಿ. ಎರಡು ಗಂಟೆಗೊಮ್ಮೆ, ಅವಸರವಿರಲಿ ಬಿಡಲಿ, ಮೂತ್ರಕ್ಕೆ ಹೋಗಿ ಬನ್ನಿ. ಆಫೀಸಿನಿಂದ ಹೊರಡುವ ಮುನ್ನ ಹೋಗುವುದಂತೂ ತಪ್ಪಬಾರದು. ಮೂತ್ರ ತಿಳಿ ಹಳದಿ ಇದ್ದರೆ ನೀರು ಸಾಕಾಗುತ್ತಿದೆ ಎಂದರ್ಥ. ಬಿ ಜೀವಸತ್ವದ ಮಾತ್ರೆ ನುಂಗಿದ ಮೇಲೆ ಬಣ್ಣ ಗಾಢವಾಗುತ್ತದೆ, ಆ ಹೊತ್ತಿನಲ್ಲಿ ಬಣ್ಣ ನೋಡಿ ಅಳೆಯಬೇಡಿ. ಫಿಲ್ಟರ್ ಕಾಫಿ ದಿನಕ್ಕೆ ಎರಡು ಸಣ್ಣ ಲೋಟಕ್ಕೆ ನಿಲ್ಲಿಸಿ.

ಸಂಜೆ ಹೊಟ್ಟೆ ಬಿಗಿದಾಗ ಮಾಡಬೇಕಾದ್ದು ಹೀಗೆ. ಮೊದಲು ಮೂತ್ರಕ್ಕೆ ಹೋಗಿ ಬನ್ನಿ. ಬಂದು ಎರಡು ದೊಡ್ಡ ಲೋಟ, ಅಂದರೆ ಸುಮಾರು ಅರ್ಧ ಲೀಟರ್ ನೀರನ್ನು ನಿಧಾನವಾಗಿ ಕುಡಿಯಿರಿ. ಎಡ ಮಗ್ಗುಲಿಗೆ ಮಲಗಿ, ಮೊಣಕಾಲುಗಳ ನಡುವೆ ಒಂದು ದಿಂಬು, ಹೊಟ್ಟೆಯ ಕೆಳಗೆ ಮಡಿಸಿದ ಟವೆಲ್ ಇಡಿ. ನಾಲ್ಕು ಎಣಿಸುತ್ತ ಉಸಿರೆಳೆದು ಆರು ಎಣಿಸುತ್ತ ಬಿಡಿ. ಉಸಿರು ಹಿಡಿದಂತಾಗುವುದಕ್ಕೆ ಇದೇ ಮದ್ದು. ಇಡೀ ದಿನ ಕೂತಿದ್ದವರಾದರೆ ಮಲಗುವ ಬದಲು ಹತ್ತು ನಿಮಿಷ ನಡೆದು ನೋಡಿ, ದಿನವಿಡೀ ನಿಂತವರು ಮಲಗಲಿ. ಮೈಯ ಭಂಗಿ ಬದಲಾಗುವುದು ಇಲ್ಲಿ ಮುಖ್ಯ. ಉಗುರುಬೆಚ್ಚಗಿನ ನೀರಿನ ಸ್ನಾನವೂ ಸ್ನಾಯುವನ್ನು ಸಡಿಲಿಸುತ್ತದೆ. ಆದರೆ ಹಂಡೆಯಲ್ಲಿ ಕುದಿದ ನೀರಿಗೆ ತಣ್ಣೀರು ನೆಪಕ್ಕೆ ಬೆರೆಸಿ ಹೊಯ್ದುಕೊಳ್ಳುವ ಅಭ್ಯಾಸ ಈಗ ಬೇಡ. ಮೊಣಕೈ ಅದ್ದಿದರೆ ಸುಡಬಾರದು.

ಅಲ್ಲಿಂದ ಒಂದು ಗಂಟೆ ಎಣಿಸಿ. ಬೆರಳ ತುದಿಗಳನ್ನು ಹೊಟ್ಟೆಯ ಮೇಲ್ಭಾಗದಲ್ಲಿ ಹಗುರವಾಗಿ ಇಡಿ. ಸೂಲಗಿತ್ತಿ ನರ್ಸುಗಳು ಕಲಿಯುವ ಲೆಕ್ಕ ಒಂದಿದೆ: ಒತ್ತಿದರೆ ಮೂಗಿನ ತುದಿಯಷ್ಟು ಮೆತ್ತಗಿದ್ದರೆ ಸಣ್ಣ ಬಿಗಿತ, ಗದ್ದದಷ್ಟಿದ್ದರೆ ನಡುವಿನದು, ಹಣೆಯಷ್ಟು ಗಟ್ಟಿಯಿದ್ದು ಬೆರಳು ಒಳಗಿಳಿಯದಿದ್ದರೆ ಜೋರಿನದು. ಹೊಟ್ಟೆ ಉಜ್ಜುತ್ತ ಕೂರಬೇಡಿ, ಉಜ್ಜಿದರೂ ಬಿಗಿಯುತ್ತದೆ. ಬರೆದುಕೊಳ್ಳುವಾಗ ಬಹಳ ಮಂದಿ ತಪ್ಪುವುದು ಇಲ್ಲಿ: ಒಂದು ಬಿಗಿತ ಮುಗಿದ ಹೊತ್ತಿನಿಂದ ಮುಂದಿನದರ ಆರಂಭದವರೆಗೆ ಲೆಕ್ಕ ಹಾಕುತ್ತಾರೆ. ಹಾಗಲ್ಲ, ಆರಂಭದಿಂದ ಆರಂಭಕ್ಕೆ ಲೆಕ್ಕ. 7:02ಕ್ಕೆ ಒಂದು, 7:19ಕ್ಕೆ ಇನ್ನೊಂದು, 7:24ಕ್ಕೆ ಮತ್ತೊಂದು, ಆಮೇಲೆ ಒಂದು ಗಂಟೆ ಇಲ್ಲವೇ ಇಲ್ಲ. ಹೀಗೆ ತಾಳ ತಪ್ಪಿ ಬಂದು ಹೋದರೆ ಇದು ಅಭ್ಯಾಸದ ಬಿಗಿತ, ಅಂದರೆ ಮನೆಯಲ್ಲಿ ‘ಸುಳ್ಳು ನೋವು’ ಅನ್ನುವುದು.

ನಿಮ್ಮದು 31 ವಾರ. 37 ತುಂಬುವ ತನಕ ನಿಮ್ಮ ಮಿತಿ ಇದು: ನೀರು ಕುಡಿದು ಮಲಗಿದ ಮೇಲೂ ಗಂಟೆಯಲ್ಲಿ ಆರು, ಅಥವಾ 20 ನಿಮಿಷದಲ್ಲಿ ನಾಲ್ಕು ಬಂದರೆ ಅದೇ ರಾತ್ರಿ ಆಸ್ಪತ್ರೆಗೆ ಹೋಗಬೇಕು. ನೋವಿಲ್ಲದಿದ್ದರೂ ಹೋಗಬೇಕು. ಅವಧಿಗೆ ಮುಂಚಿನ ಹೆರಿಗೆ ಎಷ್ಟೋ ಸಲ ನೋವಿಲ್ಲದ ಬಿಗಿತದಿಂದಲೇ ಶುರುವಾಗುತ್ತದೆ. ನೀರು ಸೋರಿದರೆ, ರಕ್ತ ಕಂಡರೆ, ಜ್ವರ ಬಂದರೆ, ಮಗುವಿನ ಓಡಾಟ ಕಡಿಮೆಯಾದರೆ (ಎಡಕ್ಕೆ ಮಲಗಿ ಎಣಿಸಿದರೂ ಎರಡು ಗಂಟೆಯಲ್ಲಿ ಹತ್ತು ಸಿಗದಿದ್ದರೆ), ಅಥವಾ ಬಿಗಿದ ಹೊಟ್ಟೆ ಸಡಿಲವಾಗದೆ ಹಾಗೆಯೇ ನೋಯುತ್ತಿದ್ದರೆ ಎಣಿಸುತ್ತ ಕೂರುವ ಮಾತೇ ಇಲ್ಲ, ತಕ್ಷಣ ಹೊರಡಿ.

ಇನ್ನೊಂದು ಮಾತು. ಈವರೆಗೆ ಮಾಡಿಸಿಲ್ಲದಿದ್ದರೆ ಮೂತ್ರದ ಕಲ್ಚರ್ ಪರೀಕ್ಷೆ ಮಾಡಿಸಿ. ಗರ್ಭಿಣಿಯರಲ್ಲಿ ಮೂತ್ರದ ಸೋಂಕು ಉರಿಯಿಲ್ಲದೆಯೂ ಇರಬಹುದು. ಹೊಟ್ಟೆ ಬಿಗಿಯುವುದೊಂದೇ ಸುಳಿವಾಗಿರಬಹುದು. ತೊಳೆದುಕೊಂಡು, ಮೊದಲ ಧಾರೆ ಬಿಟ್ಟು ನಡುವಿನ ಧಾರೆ ಹಿಡಿಯಬೇಕು, ಎರಡು ಗಂಟೆಯೊಳಗೆ ಲ್ಯಾಬಿಗೆ ಮುಟ್ಟಬೇಕು. ರಾತ್ರಿ ಹಿಡಿದು ಬೆಳಿಗ್ಗೆ ಕೊಟ್ಟರೆ ಇಲ್ಲದ ಸೋಂಕು ತೋರಿಸುತ್ತದೆ. ಫಲಿತಾಂಶಕ್ಕೆ ಎರಡು-ಮೂರು ದಿನ. ಆಫೀಸಿನ ಓಡಾಟ ತೀರ ಆಯಾಸವೆನಿಸಿದರೆ, ಕಾನೂನಿನ ಪ್ರಕಾರ ಮೊದಲೆರಡು ಮಕ್ಕಳಿಗೆ ಸಿಗುವ 26 ವಾರದ ಹೆರಿಗೆ ರಜೆಯಲ್ಲಿ 8 ವಾರವನ್ನು ಹೆರಿಗೆಗೆ ಮುನ್ನವೇ ಬಳಸಬಹುದು ಎನ್ನುವುದೂ ನೆನಪಿರಲಿ.

ಇದು ಎರಡನೆಯದು, ಈಗ 21 ವಾರ. ಮೊದಲ ಸಲ ಎಂಟು ತಿಂಗಳಾದ ಮೇಲೆ ಆಗಿದ್ದು ಈ ಸಲ ಈಗಲೇ ಶುರುವಾಗಿದೆ. ಮೂರು ವರ್ಷದ ಮಗನನ್ನು ಎತ್ತಿಕೊಂಡರೆ ತಪ್ಪದೆ ಬಿಗಿಯುತ್ತದೆ. ಭಯ.
– ಓದುಗರು, ಹಾಸನ

ಎರಡನೇ ಸಲ ಬೇಗ ಗೊತ್ತಾಗುವುದು ಸಹಜ. ಬಿಗಿತ ಹೇಗಿರುತ್ತದೆಂದು ನಿಮಗೀಗ ಪರಿಚಯವಿದೆ, ಹೊಟ್ಟೆಯ ಸ್ನಾಯುಗಳೂ ಮೊದಲಿನಷ್ಟು ಬಿಗಿಯಾಗಿಲ್ಲ. ಮಗನನ್ನು ನೆಲದಿಂದ ಬಗ್ಗಿ ಎತ್ತಬೇಡಿ. ನೀವು ಕೂತುಕೊಳ್ಳಿ, ಅವನೇ ಹತ್ತಿ ತೊಡೆಗೆ ಬರಲಿ. ತಿರುಗುವಾಗ, ಏಳುವಾಗ ತೊಡೆಸಂದಿಯಲ್ಲಿ ಸೂಜಿ ಚುಚ್ಚಿದಂತಾಗಿ ಕ್ಷಣದಲ್ಲಿ ಹೋಗುವ ನೋವು ಇದಲ್ಲ, ಅದು ಗರ್ಭಕೋಶವನ್ನು ಹಿಡಿದಿರುವ ಪಟ್ಟಿ ಎಳೆದದ್ದು.

ನಾವು ನಿಮ್ಮನ್ನು ಕೇಳುವ ಪ್ರಶ್ನೆ ಒಂದೇ: ಮೊದಲ ಮಗು 37 ವಾರ ತುಂಬುವ ಮೊದಲೇ ಹುಟ್ಟಿತ್ತೇ? ಹೌದಾದರೆ ಅದನ್ನು ವೈದ್ಯರಿಗೆ ಇವತ್ತೇ ಹೇಳಿ. ಅಂಥವರಿಗೆ 16ರಿಂದ 24 ವಾರದ ನಡುವೆ ಒಳಗಿನಿಂದ ಸ್ಕ್ಯಾನ್ ಮಾಡಿ ಗರ್ಭಕೋಶದ ಕೊರಳಿನ ಉದ್ದ ನೋಡುತ್ತಾರೆ; 25 ಮಿಲಿಮೀಟರ್‌ಗಿಂತ ಗಿಡ್ಡವಿದ್ದರೆ ಪ್ರೊಜೆಸ್ಟೆರಾನ್ ಕೊಡುವುದೋ ಹೊಲಿಗೆ ಹಾಕುವುದೋ ತೀರ್ಮಾನಿಸುತ್ತಾರೆ. ನಿಮಗೆ 21 ವಾರ ಆಗಿದೆ, ಆ ಅವಧಿ ಮುಗಿಯುತ್ತ ಬಂತು. ಕೆಳಹೊಟ್ಟೆ ಜಗ್ಗಿದಂತಾಗಿ, ಬಿಳಿಸೆರಗು ನೀರಿನಂತೆ ಹೆಚ್ಚಿದರೆ ಮೊದಲ ಹೆರಿಗೆ ಹೇಗೇ ಆಗಿರಲಿ, ತೋರಿಸಿ.

ಮಗಳು ಬಾಣಂತನಕ್ಕೆ ಬಂದಿದ್ದಾಳೆ. ಒಂಬತ್ತರಲ್ಲಿ ಬಿದ್ದು ನಾಲ್ಕು ದಿನ. ರಾತ್ರಿ ಹೊಟ್ಟೆ ಗಟ್ಟಿಯಾಗಿ ನೋವು ಬಂತು. ಜೀರಿಗೆ ಕಷಾಯ ಕೊಟ್ಟೆ, ಕಡಿಮೆಯಾಯಿತು. ಸುಳ್ಳು ನೋವಾದರೆ ಕಷಾಯಕ್ಕೆ ಇಳಿಯುತ್ತದೆ, ನಿಜವಾದ್ದಾದರೆ ಏರುತ್ತದೆ ಅಂತ ನಮ್ಮ ಕಡೆ ನಂಬಿಕೆ. ಒಂಬತ್ತು ಬಿದ್ದ ಮೇಲೆ ಹೇಗೂ ಆಗಬಹುದಲ್ಲ, ಹೆರಿಗೆ ಸಲೀಸಾಗಲು ಹರಳೆಣ್ಣೆ ಕೊಡಬಹುದೇ?
– ಓದುಗರು, ದಾವಣಗೆರೆ

ಹರಳೆಣ್ಣೆ ಬೇಡಮ್ಮ, ಖಂಡಿತ ಬೇಡ. ಅದು ಕರುಳನ್ನು ಕೆರಳಿಸಿ ಭೇದಿ ಮಾಡಿಸುತ್ತದೆ, ಭೇದಿಯಿಂದ ಮೈಯ ನೀರು ಹೋಗುತ್ತದೆ, ಅದರ ಜೊತೆ ಗರ್ಭಕೋಶವೂ ಕೆರಳುತ್ತದೆ. ನಿಮ್ಮ ಮಗಳಿಗೆ ಇನ್ನೂ ಆ ಹೊತ್ತು ಬಂದಿಲ್ಲ.

ತಿಂಗಳ ಲೆಕ್ಕ ಎಡವುವುದು ಇಲ್ಲೇ. ಒಂಬತ್ತರಲ್ಲಿ ಬಿದ್ದಿದೆ ಎಂದರೆ ಎಂಟು ತಿಂಗಳು ಮುಗಿದಿವೆ ಎಂದರ್ಥ. ಎಂಟು ಮೂವತ್ತಲೆ 240 ದಿನ, ಅದಕ್ಕೆ ನಾಲ್ಕು ಸೇರಿಸಿದರೆ 244. ವಾರದಲ್ಲಿ ಹೇಳುವುದಾದರೆ 35 ಕೂಡ ತುಂಬಿಲ್ಲ. ಮಗು ಬಲಿತಿದೆ ಅನ್ನಲು 37 ವಾರ, ಅಂದರೆ 259 ದಿನ ಆಗಬೇಕು. ಪೂರ್ಣ ಲೆಕ್ಕ 280 ದಿನ. ‘ಒಂಬತ್ತು ಬಿತ್ತಲ್ಲ, ಇನ್ನೇನು’ ಎಂದು ಮನೆಯಲ್ಲೇ ನೋವು ಬರಲು ಕಾಯುವುದು ಮಗುವಿನ ಉಸಿರಾಟಕ್ಕೆ ಅಪಾಯ. ತಾಯಿ ಕಾರ್ಡ್ ತೆಗೆದು ಕೊನೆಯ ಮುಟ್ಟಿನ ದಿನಾಂಕ, ಮೊದಲ ಸ್ಕ್ಯಾನ್ ಹೇಳಿದ ದಿನಾಂಕ ಎರಡನ್ನೂ ನೋಡಿ ವಾರ ಗೊತ್ತುಮಾಡಿಕೊಳ್ಳಿ. ಎರಡಕ್ಕೂ ಬಹಳ ವ್ಯತ್ಯಾಸವಿದ್ದರೆ ಮೊದಲ ಮೂರು ತಿಂಗಳಲ್ಲಿ ಮಾಡಿಸಿದ ಸ್ಕ್ಯಾನನ್ನೇ ನಂಬಬೇಕು.

ಜೀರಿಗೆ ಕಷಾಯಕ್ಕೆ ನಮ್ಮ ತಕರಾರಿಲ್ಲ. ಚಮಚ ಜೀರಿಗೆ ಹಾಕಿ ಕುದಿಸಿದ ಒಂದು ಲೋಟ ಬಿಸಿನೀರು ಹೊಟ್ಟೆಗೆ ಹಿತ, ಗ್ಯಾಸಿನ ನೋವಾಗಿದ್ದರೆ ಇಳಿಯುತ್ತದೆ. ಬಿಗಿತವಾಗಿದ್ದರೆ ಬಹುಶಃ ಕೆಲಸ ಮಾಡಿದ್ದು ಲೋಟದಲ್ಲಿದ್ದ ನೀರು. ಆದರೆ ಅದನ್ನು ಪರೀಕ್ಷೆಯಾಗಿ ಹಿಡಿಯಬೇಡಿ. ಕಷಾಯ ಕುಡಿಸಿ, ಇಳಿಯಿತೋ ಏರಿತೋ ಎಂದು ಕಾಯುವಷ್ಟರಲ್ಲಿ ಅವಧಿಗೆ ಮುಂಚಿನ ಹೆರಿಗೆಯಾದರೆ ಒಂದೆರಡು ಗಂಟೆ ಕೈಜಾರಿರುತ್ತದೆ. ಮೊದಲ ಉತ್ತರದಲ್ಲಿ ಹೇಳಿದ ಗಂಟೆಗೆ ಆರರ ಲೆಕ್ಕವೇ ನಿಮ್ಮ ಮಗಳಿಗೂ. ರಾತ್ರಿ ಬಂದದ್ದು ನೋವಿನ ಜೊತೆ ಆದ್ದರಿಂದ, ಈಗ ಇಳಿದಿದ್ದರೂ ನಾಳೆಯೇ ಒಮ್ಮೆ ತೋರಿಸಿಕೊಂಡು ಬನ್ನಿ.

ಹಾಲು ಚೆನ್ನಾಗಿ ಬರಲಿ ಎಂದು ಈಗಲೇ ಎದೆಗೆ ಎಣ್ಣೆ ಹಚ್ಚಿ ತೊಟ್ಟು ಎಳೆಯುವ ಪದ್ಧತಿ ನಿಮ್ಮಲ್ಲಿದ್ದರೆ ಅದನ್ನೂ ನಿಲ್ಲಿಸಿ. ತೊಟ್ಟು ತೀಡಿದರೆ ಆಕ್ಸಿಟೋಸಿನ್ ಹೊರಡುತ್ತದೆ, ಹೊಟ್ಟೆ ಬಿಗಿಯುತ್ತದೆ.

ಹೆಂಡತಿಗೆ 29 ವಾರ. ಹೊಟ್ಟೆ ಆಗಾಗ ಗಟ್ಟಿಯಾಗುತ್ತದೆ ಎಂದಾಗ ಒಬ್ಬ ವೈದ್ಯರು ಐಸಾಕ್ಸುಪ್ರಿನ್ ಮಾತ್ರೆ ಬರೆದು, ಹಾಸಿಗೆ ಬಿಟ್ಟು ಏಳಬೇಡಿ ಎಂದರು. ಮಾತ್ರೆ ನುಂಗಿದರೆ ಎದೆ ಡವಡವ ಎನ್ನುತ್ತದಂತೆ. ಹೆರಿಗೆ ತನಕ ಹೀಗೇ ಇರಬೇಕೇ?
– ಓದುಗರು, ಹುಬ್ಬಳ್ಳಿ

ಎದೆಬಡಿತ ಆ ಔಷಧದ ಗೊತ್ತಿರುವ ಅಡ್ಡಪರಿಣಾಮ. ರಕ್ತದೊತ್ತಡವೂ ಇಳಿದು ತಲೆ ಸುತ್ತಬಹುದು. ಬರೆದ ವೈದ್ಯರಿಗೆ ಇದನ್ನು ಫೋನ್ ಮಾಡಿಯಾದರೂ ತಿಳಿಸಿ, ಮುಂದುವರಿಸಬೇಕೇ ಕೇಳಿ. ಅಭ್ಯಾಸದ ಬಿಗಿತಕ್ಕೆ ವಾರಗಟ್ಟಲೆ ಈ ಮಾತ್ರೆ ನುಂಗಿದರೆ ಅವಧಿಗೆ ಮುಂಚಿನ ಹೆರಿಗೆ ತಪ್ಪುತ್ತದೆ ಅನ್ನಲು ಗಟ್ಟಿ ಆಧಾರವಿಲ್ಲ. ನಮ್ಮಲ್ಲಿ ಇದನ್ನು ಬರೆಯುವ ರೂಢಿ ಆಧಾರಕ್ಕಿಂತ ಹೆಚ್ಚಾಗಿ ಬೆಳೆದಿದೆ.

ಹಾಸಿಗೆ ಹಿಡಿಸುವುದೂ ಅಷ್ಟೆ. ಹಾಸಿಗೆಯಲ್ಲೇ ಇದ್ದರೆ ಹೆರಿಗೆ ಮುಂದೆ ಹೋಗುತ್ತದೆ ಎಂದು ಅಧ್ಯಯನಗಳು ತೋರಿಸಿಲ್ಲ. ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಮಾತ್ರ ಹೆಚ್ಚುತ್ತದೆ, ಮಲಬದ್ಧತೆ ಬೇರೆ. ಭಾರ ಎತ್ತುವುದು, ಗಂಟೆಗಟ್ಟಲೆ ನಿಲ್ಲುವುದು ಬಿಡಲಿ. ಮನೆಯೊಳಗೆ ಓಡಾಡಲಿ. ಮಾಸು ಕೆಳಗಿದೆ ಎಂದೋ ರಕ್ತ ಹೋಗಿದೆ ಎಂದೋ ಹಾಗೆ ಹೇಳಿದ್ದರೆ ಅದು ಬೇರೆ ವಿಷಯ, ಕಾರಣ ಕೇಳಿ ತಿಳಿಯಿರಿ.

ಮಾತ್ರೆಗಿಂತ ಮೊದಲು ಆಗಬೇಕಾದ್ದು ಪರೀಕ್ಷೆ. ಹೊಟ್ಟೆಗೆ ಪಟ್ಟಿ ಕಟ್ಟಿ ಬಿಗಿತವನ್ನೂ ಮಗುವಿನ ಎದೆಬಡಿತವನ್ನೂ ಕಾಗದದ ಮೇಲೆ ದಾಖಲಿಸುತ್ತಾರೆ. ಮೂತ್ರ ಪರೀಕ್ಷೆ ಮಾಡುತ್ತಾರೆ. ಒಳಗಿನ ಸ್ಕ್ಯಾನಿನಲ್ಲಿ ಕೊರಳು 30 ಮಿಲಿಮೀಟರ್‌ಗಿಂತ ಉದ್ದವಿದ್ದರೆ ಸದ್ಯಕ್ಕೆ ಹೆರಿಗೆಯಾಗುವ ಸಾಧ್ಯತೆ ತೀರ ಕಡಿಮೆ, ನೆಮ್ಮದಿಯಾಗಿ ಮನೆಗೆ ಹೋಗಬಹುದು. 15ಕ್ಕಿಂತ ಕಡಿಮೆ ಇದ್ದರೆ ದಾಖಲಾಗಬೇಕು. ಆಗ ನಿಫೆಡಿಪಿನ್‌ನಂಥ ಔಷಧದಿಂದ ಸುಮಾರು 48 ಗಂಟೆ ನೋವನ್ನು ಹಿಡಿದಿಡುತ್ತಾರೆ. ಆ ಎರಡು ದಿನ ಬೇಕಾಗುವುದು ಮಗುವಿನ ಶ್ವಾಸಕೋಶ ಬಲಿಯಲು ಕೊಡುವ ಸ್ಟಿರಾಯ್ಡ್ ಇಂಜೆಕ್ಷನ್‌ಗೆ: ಡೆಕ್ಸಾಮೆಥಸೋನ್ 6 ಮಿಲಿಗ್ರಾಂ, 12 ಗಂಟೆಗೊಂದರಂತೆ ನಾಲ್ಕು, ಸರ್ಕಾರಿ ಮಾರ್ಗಸೂಚಿಯಲ್ಲಿ ಇದು 24ರಿಂದ 34 ವಾರದವರಿಗೆ. ನವಜಾತ ಶಿಶುಗಳ ಐಸಿಯು ಇರುವ ಆಸ್ಪತ್ರೆಗೆ ಸಾಗಿಸಲೂ ಅಷ್ಟು ಹೊತ್ತು ಸಿಗುತ್ತದೆ.

ನೋವಿಗೆಂದು ಐಬುಪ್ರೊಫೆನ್, ಡೈಕ್ಲೊಫೆನಾಕ್ ಮಾತ್ರೆಯನ್ನು ಅಂಗಡಿಯಿಂದ ತಂದು ಕೊಡಬೇಡಿ. 20 ವಾರದ ನಂತರ ಅವು ಮಗುವಿನ ಮೂತ್ರಪಿಂಡಕ್ಕೆ ಪೆಟ್ಟು, ಗರ್ಭದ ನೀರೂ ಇಳಿಯುತ್ತದೆ.

ಪತ್ರದಲ್ಲಿ ಕೇಳದೆ ಬಿಟ್ಟ ಪ್ರಶ್ನೆಗೂ ಉತ್ತರಿಸುತ್ತೇವೆ: ಗಂಡ-ಹೆಂಡಿರು ಕೂಡಿದ ಮೇಲೆ ಅರ್ಧ-ಮುಕ್ಕಾಲು ಗಂಟೆ ಹೊಟ್ಟೆ ಬಿಗಿಯುವುದು ಸಾಮಾನ್ಯ. ರಕ್ತಸ್ರಾವ, ಕೆಳಗಿರುವ ಮಾಸು, ಗಿಡ್ಡ ಕೊರಳು, ನೀರು ಸೋರುವುದು ಇವು ಇಲ್ಲದಿದ್ದರೆ ನಿಷೇಧವಿಲ್ಲ.

39 ವಾರ. ನೋವೆಂದು ಎರಡು ಸಲ ಆಸ್ಪತ್ರೆಗೆ ಹೋದೆ, ಎರಡು ಸಲವೂ ‘ಇನ್ನೂ ಟೈಮಿದೆ’ ಎಂದು ವಾಪಸ್ ಕಳಿಸಿದರು. ಅತ್ತೆಯ ಮುಂದೆ ನಾಚಿಕೆಯಾಯಿತು. ನಿಜವಾದ ನೋವು ಯಾವುದೆಂದು ಹೇಗೆ ತಿಳಿಯಲಿ?
– ಓದುಗರು, ಮಂಗಳೂರು

ನಾಚಿಕೆ ಯಾಕೆ? ಹೊಟ್ಟೆ ಮುಟ್ಟಿ ಹೇಳಲಾಗದೆ ಆಸ್ಪತ್ರೆಯವರೂ ಒಳಗೆ ಪರೀಕ್ಷಿಸಿಯೇ ತೀರ್ಮಾನಿಸಿದ್ದು. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿದಂತೆ ಗರ್ಭಕೋಶದ ಬಾಯಿ 5 ಸೆಂಟಿಮೀಟರ್ ತೆರೆದ ಮೇಲೆ ಹೆರಿಗೆ ರಭಸದ ಹಂತಕ್ಕೆ ಬರುತ್ತದೆ. ಅಲ್ಲಿಯವರೆಗಿನ ನಿಧಾನದ ಹಂತ ಚೊಚ್ಚಲಿನಲ್ಲಿ ಒಂದು ದಿನವನ್ನೂ ಮೀರಬಹುದು. ಆ ಹೊತ್ತನ್ನು ವಾರ್ಡಿನ ಮಂಚಕ್ಕಿಂತ ಮನೆಯಲ್ಲಿ ಕಳೆಯುವುದೇ ಮೇಲು: ಗಂಜಿ, ಮೊಸರನ್ನ, ಬಾಳೆಹಣ್ಣು ತಿನ್ನಿ, ನಿದ್ದೆ ಬಂದಷ್ಟು ಮಲಗಿ.

ನಿಜವಾದ ನೋವು ಹೆಚ್ಚಾಗಿ ಸೊಂಟದಿಂದ ಸುತ್ತಿಕೊಂಡು ಮುಂದಕ್ಕೆ ಬರುತ್ತದೆ. ಅಭ್ಯಾಸದ್ದು ಹೆಚ್ಚಾಗಿ ಹೊಟ್ಟೆಯ ಮುಂಭಾಗದಲ್ಲೇ ಬಿಗಿಯುತ್ತದೆ. ನಡೆದರೂ ಮಲಗಿದರೂ ನಿಜವಾದ್ದು ಬಿಡುವುದಿಲ್ಲ. ಅಂತರ ಹತ್ತು ನಿಮಿಷದಿಂದ ಎಂಟು, ಆರು ಎಂದು ಇಳಿಯುತ್ತ ಹೋಗುತ್ತದೆ. ನೋವಿನ ನಡುವೆ ಒಂದು ವಾಕ್ಯ ಪೂರ್ತಿ ಆಡಲು ಆಗುತ್ತಿದೆಯೇ ನೋಡಿ. ಮಾತು ಅರ್ಧಕ್ಕೆ ನಿಲ್ಲುತ್ತಿದ್ದರೆ ಅದು ಜೋರಿನದು. ಐದು ನಿಮಿಷಕ್ಕೊಂದು, ಒಂದೊಂದೂ ಒಂದು ನಿಮಿಷ, ಹೀಗೆ ಒಂದು ಗಂಟೆ ಬಂದರೆ ಮೂರನೇ ಸಲ ಹೊರಡಿ. ಲೋಳೆಯಲ್ಲಿ ರಕ್ತದ ಎಳೆ ಕಂಡರೆ ಬಾಯಿ ಸಡಿಲವಾಗುತ್ತಿದೆ ಎಂದು, ಅದೊಂದಕ್ಕೇ ಓಡಬೇಕಿಲ್ಲ. ಮುಟ್ಟಿನಷ್ಟು ರಕ್ತವಾದರೆ ಓಡಬೇಕು.

ನೀರು ಒಡೆಯಿತೋ ಮೂತ್ರ ಜಾರಿತೋ ಅನುಮಾನವಾದರೆ ಮೂತ್ರಕ್ಕೆ ಹೋಗಿ ಬಂದು ಒಣ ಪ್ಯಾಡ್ ಇಟ್ಟು ಅರ್ಧ ಗಂಟೆ ಮಲಗಿ, ಎದ್ದು ನಿಲ್ಲಿ. ಮೂತ್ರದ ವಾಸನೆಯಿಲ್ಲದ ನೀರು ದಬಕ್ಕನೆ ಇಳಿದರೆ ನೋವಿಲ್ಲದಿದ್ದರೂ ಹೊರಡಿ. ನೀರು ಹಸಿರು ಇದ್ದರೆ ಮಗು ಒಳಗೇ ಮಲ ಮಾಡಿದೆ, ಒಂದು ನಿಮಿಷವೂ ತಡಮಾಡಬೇಡಿ.

ಮೊದಲ ಮಗು ಸಿಸೇರಿಯನ್. ಈಗ 36 ವಾರ. ನಮ್ಮೂರಿಂದ ತಾಲ್ಲೂಕು ಆಸ್ಪತ್ರೆ 45 ಕಿಲೋಮೀಟರ್, ಘಟ್ಟದ ರಸ್ತೆ, ಮಳೆಗಾಲ. ದಿನಕ್ಕೆ ಐದಾರು ಸಲ ಬಿಗಿಯುತ್ತದೆ. ಯಾವಾಗ ಹೊರಡಲಿ?
– ಓದುಗರು, ಮಲೆನಾಡು

ಮೇಲಿನ ಐದು ನಿಮಿಷದ ಲೆಕ್ಕ ನಿಮಗಲ್ಲ. 37 ವಾರ ತುಂಬುತ್ತಲೇ ಆಪರೇಷನ್ ಥಿಯೇಟರೂ ರಕ್ತದ ವ್ಯವಸ್ಥೆಯೂ ಇರುವ ಆಸ್ಪತ್ರೆಗೆ ಅರ್ಧ ಗಂಟೆಯ ದಾರಿಯಲ್ಲಿ, ನೆಂಟರ ಮನೆಯೋ ಬಾಡಿಗೆ ಕೋಣೆಯೋ, ಇಳಿದುಕೊಳ್ಳುವುದು ಒಳ್ಳೆಯದು. ಗರ್ಭಕೋಶಕ್ಕೆ ಅಡ್ಡ ಕೊಯ್ದು ಒಂದು ಸಿಸೇರಿಯನ್ ಆದವರಲ್ಲಿ, ಹೆರಿಗೆ ನೋವಿನ ಹೊತ್ತಿಗೆ ಹಳೆಯ ಹೊಲಿಗೆ ಬಿಡುವುದು ಸುಮಾರು 200ರಲ್ಲಿ ಒಬ್ಬರಿಗೆ. ಅಪರೂಪವೇ, ಆದರೆ ಬಿಟ್ಟರೆ ನಿಮಿಷಗಳ ಲೆಕ್ಕ.

ಅಲ್ಲಿಯವರೆಗೆ ಊರಲ್ಲೇ ಇರುವುದಾದರೆ, ನೀರು ಕುಡಿದು ಮಲಗಿದರೂ ಹತ್ತು ನಿಮಿಷಕ್ಕೊಂದರಂತೆ ಅರ್ಧ ಗಂಟೆ ಬಿಗಿದರೆ ಹೊರಡಿ. ಬಿಗಿತ ಇಳಿದ ಮೇಲೂ ಹಳೆಯ ಹೊಲಿಗೆಯ ಜಾಗದಲ್ಲಿ ನೋವು ನಿಂತಿದ್ದರೆ, ತಲೆ ಸುತ್ತಿದರೆ, ರಕ್ತ ಕಂಡರೆ, ಮಗು ಅಲುಗದಿದ್ದರೆ ಎಣಿಸದೆ ಹೊರಡಿ. 108ಕ್ಕೆ ಕರೆ ಮಾಡಿದಾಗ ಮೊದಲ ವಾಕ್ಯದಲ್ಲೇ ‘36 ವಾರ, ಹಿಂದೆ ಆಪರೇಷನ್ ಆಗಿದೆ’ ಎನ್ನಿ, ಮನೆಯ ಗುರುತಿಗೆ ಶಾಲೆಯನ್ನೋ ದೇವಸ್ಥಾನವನ್ನೋ ಹೇಳಿ. ಮಳೆಗೆ ನೆಟ್‌ವರ್ಕ್ ಹೋಗುವ ಊರಾದರೆ ಜೀಪಿರುವ ಇಬ್ಬರಿಗೆ ಮೊದಲೇ ಹೇಳಿಟ್ಟಿರಿ, ಒಬ್ಬರು ಸಾಲದು. ಆಶಾ ಕಾರ್ಯಕರ್ತೆಗೂ ತಿಳಿದಿರಲಿ. ಗಾಡಿಯಲ್ಲಿ ಎಡ ಮಗ್ಗುಲಿಗೆ ವಾಲಿ ಕೂರಿ. ಹೊರಟ ಮೇಲೆ ಊಟ ಬೇಡ, ಆಪರೇಷನ್ ಆದರೂ ಆಗಬಹುದು.

ಚೀಲದಲ್ಲಿ ತಾಯಿ ಕಾರ್ಡ್, ರಕ್ತದ ಗುಂಪಿನ ಚೀಟಿ, ಸ್ಕ್ಯಾನ್‌ಗಳು, ಆಧಾರ್, ಜೊತೆಗೆ ಮೊದಲ ಹೆರಿಗೆಯ ಡಿಸ್ಚಾರ್ಜ್ ಕಾರ್ಡ್ ಇರಲಿ. ಗರ್ಭಕೋಶಕ್ಕೆ ಅಡ್ಡ ಕೊಯ್ದಿದ್ದಾರೋ ಉದ್ದ ಕೊಯ್ದಿದ್ದಾರೋ ಎಂಬುದು ಆ ಕಾರ್ಡಿನಲ್ಲೇ ಇರುವುದು, ಹೊಟ್ಟೆಯ ಮೇಲಿನ ಗಾಯದ ಗುರುತು ನೋಡಿ ಅದು ತಿಳಿಯುವುದಿಲ್ಲ. ಕಾರ್ಡ್ ಕಳೆದಿದ್ದರೆ ಈ ವಾರವೇ ಯಾರನ್ನಾದರೂ ಆ ಆಸ್ಪತ್ರೆಯ ದಾಖಲೆ ವಿಭಾಗಕ್ಕೆ ಕಳಿಸಿ, ನಕಲು ತರಿಸಿ ಚೀಲಕ್ಕೆ ಹಾಕಿಡಿ.